ಆನ್‌ಲೈನ್ ಅರ್ಜಿ ಅರ್ಧಕ್ಕೆ ನಿಲ್ಲದಂತೆ ರೂಪಿಸುವುದು ಹೇಗೆ?

ವಿದ್ಯಾರ್ಥಿವೇತನಕ್ಕೋ ನೀರಿನ ಸಂಪರ್ಕಕ್ಕೋ ಮೊಬೈಲ್‌ನಲ್ಲೇ ಅರ್ಜಿ ತುಂಬುವವರು ಈಗ ಎಲ್ಲ ಊರುಗಳಲ್ಲೂ ಇದ್ದಾರೆ. ಇಂಥ ಅರ್ಜಿಯ ಪುಟವನ್ನು ಕಟ್ಟುವ ಡೆವಲಪರ್ ಅಂದಚೆಂದಕ್ಕಿಂತ ಮೊದಲು ಎರಡು ವಿಷಯಗಳನ್ನು ಖಾತ್ರಿ ಮಾಡಿಕೊಳ್ಳಬೇಕು: ಬಳಕೆದಾರರು ಏನು ಮಾಡಿದರೂ ಪುಟ ಕೂಡಲೇ ಸ್ಪಂದಿಸಬೇಕು ಮತ್ತು ಅವರು ಬರೆದದ್ದು ಯಾವ ಕಾರಣಕ್ಕೂ ಅಳಿಸಿಹೋಗಬಾರದು.

ಮೊದಲ ಹಂತದಲ್ಲಿ, ಜಾವಾಸ್ಕ್ರಿಪ್ಟ್ (ಬ್ರೌಸರ್‌ನಲ್ಲಿ ಓಡುವ ಪ್ರೋಗ್ರಾಂ ಭಾಷೆ) ಇಲ್ಲದೆಯೂ ಸಲ್ಲಿಸಬಹುದಾದ ಸರಳ ಫಾರ್ಮನ್ನು, ವೆಬ್‌ಪುಟದ ರಚನೆಯನ್ನು ಹೇಳುವ ಎಚ್‌ಟಿಎಂಎಲ್ ಭಾಷೆಯಲ್ಲಿ ಬರೆಯಿರಿ. ಪ್ರತಿ ಫೀಲ್ಡ್‌ಗೂ, ಅಂದರೆ ಮಾಹಿತಿ ತುಂಬುವ ಚೌಕಕ್ಕೂ, ಅದರಲ್ಲಿ ಏನು ಬರೆಯಬೇಕೆಂದು ಹೇಳುವ ಲೇಬಲ್ ಇರಲಿ; ಟೈಪ್ ಮಾಡತೊಡಗಿದೊಡನೆ ಮರೆಯಾಗುವ ಪ್ಲೇಸ್‌ಹೋಲ್ಡರ್ (ಚೌಕದೊಳಗಿನ ಸೂಚನೆ) ಲೇಬಲ್‌ನ ಕೆಲಸ ಮಾಡಲಾರದು. ಮೊಬೈಲ್ ಸಂಖ್ಯೆಗೆ ‘ಟೆಲ್’ ಟೈಪ್, ಪಿನ್‌ಕೋಡ್‌ಗೆ ‘ನ್ಯೂಮರಿಕ್’ ಇನ್‌ಪುಟ್‌ಮೋಡ್ ಕೊಟ್ಟರೆ ಅಂಕಿಗಳ ಕೀಬೋರ್ಡ್ ತಾನಾಗಿ ತೆರೆದುಕೊಳ್ಳುತ್ತದೆ. ಅಕ್ಷರಗಳ ಗಾತ್ರ 16 ಪಿಕ್ಸೆಲ್‌ಗಿಂತ ಕಡಿಮೆಯಿದ್ದರೆ ಫೀಲ್ಡ್ ಮುಟ್ಟಿದೊಡನೆ ಐಫೋನ್‌ನ ಸಫಾರಿ ಪುಟವನ್ನು ಹಿಗ್ಗಿಸುತ್ತದೆ, ಇದನ್ನೂ ಗಮನಿಸಿ.

ಎರಡನೆಯದು ತಪ್ಪುಗಳ ಪರಿಶೀಲನೆ. ಮೊದಲ ಅಕ್ಷರ ಒತ್ತುವಾಗಲೇ ಕೆಂಪು ಎಚ್ಚರಿಕೆ ತೋರಿಸುವುದು ಬಳಕೆದಾರರನ್ನು ಗಾಬರಿಗೊಳಿಸುತ್ತದೆ. ಫೀಲ್ಡ್ ಬಿಟ್ಟು ಮುಂದೆ ಹೋದ ಮೇಲೆ, ಬ್ರೌಸರ್ ಆಗ ಕೊಡುವ ‘ಬ್ಲರ್’ ಎಂಬ ಸಂಕೇತ (ಇವೆಂಟ್) ಬಂದಾಗ ಪರಿಶೀಲಿಸಿ, ತಿದ್ದತೊಡಗಿದ ಕೂಡಲೇ ಎಚ್ಚರಿಕೆಯನ್ನು ತೆಗೆಯಿರಿ. ‘ತಪ್ಪು ಮಾಹಿತಿ’ ಎಂದಷ್ಟೇ ಹೇಳುವ ಬದಲು ‘ಪಿನ್‌ಕೋಡ್ 6 ಅಂಕಿಗಳಿರಬೇಕು’ ಎಂದು ಹೇಳಿದರೆ ಏನನ್ನು ತಿದ್ದಬೇಕೆಂಬುದು ತಿಳಿಯುತ್ತದೆ.

ಹೆಸರಿನ ಫೀಲ್ಡ್‌ಗೆ ವಿಶೇಷ ಎಚ್ಚರ ಬೇಕು. ಕಂಪ್ಯೂಟರ್‌ನಲ್ಲಿ ಎಲ್ಲ ಭಾಷೆಗಳ ಲಿಪಿಗಳಿಗೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಕನ್ನಡದ ಗುಣಿತ ಚಿಹ್ನೆಗಳೂ ‘ಕ್’ನಲ್ಲಿರುವಂಥ ಹಲಂತ ಚಿಹ್ನೆಯೂ ‘ಅಕ್ಷರ’ ವರ್ಗಕ್ಕೆ ಸೇರದೆ ‘ಮಾರ್ಕ್’ ವರ್ಗಕ್ಕೆ ಸೇರುವುದರಿಂದ, ಅಕ್ಷರಗಳಿಗೆ ಮಾತ್ರ ಅವಕಾಶ ಕೊಡುವ ನಿಯಮ ಕನ್ನಡದ ಬಹುತೇಕ ಹೆಸರುಗಳನ್ನು ತಿರಸ್ಕರಿಸುತ್ತದೆ. ‘ಕೃಷ್ಣ’ ಎಂಬ ಹೆಸರು ಕಣ್ಣಿಗೆ ಎರಡೇ ಅಕ್ಷರವಾದರೂ ಫೀಲ್ಡ್‌ನಲ್ಲಿ ಬರೆಯಬಹುದಾದ ಉದ್ದಕ್ಕೆ ಮಿತಿ ಹಾಕುವ ಎಚ್‌ಟಿಎಂಎಲ್‌ನ ‘ಮ್ಯಾಕ್ಸ್‌ಲೆಂತ್’ ಅದನ್ನು 5 ಎಂದು ಎಣಿಸುತ್ತದೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ನಂತರ ಕಣ್ಣಿಗೆ ಕಾಣದ ಇನ್ನೊಂದು ಸಂಕೇತವೂ ಸೇರಿರುತ್ತದೆ. ಆದ್ದರಿಂದ ಹೆಸರಿನ ಮಿತಿಯನ್ನು ಧಾರಾಳವಾಗಿಡಿ, ಅದರೊಳಗಿನ ಅಕ್ಷರಗಳನ್ನು ಶೋಧಿಸಲು ಹೋಗಬೇಡಿ. ತಮ್ಮ ಹೆಸರನ್ನೇ ತಪ್ಪೆನ್ನುವ ಪುಟವನ್ನು ಜನ ನಂಬುವುದಾದರೂ ಹೇಗೆ?

ಮೂರನೆಯದಾಗಿ, ಸಲ್ಲಿಸುವ ಗುಂಡಿ. ಸುಮಾರು 0.1 ಸೆಕೆಂಡಿನೊಳಗೆ ಬಂದ ಪ್ರತಿಕ್ರಿಯೆ ತಕ್ಷಣದ್ದೆನಿಸುತ್ತದೆ, 10 ಸೆಕೆಂಡ್ ದಾಟಿದರೆ ಗಮನ ಬೇರೆಡೆ ಹರಿಯುತ್ತದೆ ಎಂದು ಬಳಕೆಯೋಗ್ಯತೆಯ ತಜ್ಞ ಜೇಕಬ್ ನೀಲ್ಸನ್ 1993ರಲ್ಲಿ ಬರೆದರು. ಗೂಗಲ್ 2024ರ ಮಾರ್ಚ್‌ನಲ್ಲಿ ವೆಬ್‌ಪುಟಗಳನ್ನು ಅಳೆಯುವ ತನ್ನ ಮುಖ್ಯ ಮಾನದಂಡಗಳಿಗೆ ಸೇರಿಸಿದ ‘ಐಎನ್‌ಪಿ’ (ಬಳಕೆದಾರರು ಒತ್ತಿದ ಮೇಲೆ ಪರದೆ ಬದಲಾಗಲು ಹಿಡಿಯುವ ಸಮಯ) ಅಳತೆಯಲ್ಲೂ 200 ಮಿಲಿಸೆಕೆಂಡಿನೊಳಗಿನ ಸ್ಪಂದನೆಯನ್ನೇ ಉತ್ತಮವೆಂದು ಪರಿಗಣಿಸಲಾಗುತ್ತದೆ. ಅರ್ಜಿಯನ್ನು ಸ್ವೀಕರಿಸುವ ಕಂಪ್ಯೂಟರ್ (ಸರ್ವರ್) ನಿಧಾನವಾದರೂ ಗುಂಡಿ ಒತ್ತಿದೊಡನೆ ‘ಸಲ್ಲಿಸಲಾಗುತ್ತಿದೆ’ ಎಂಬ ಮಾತು ಕಾಣಿಸಲಿ. ಎರಡು ಬಾರಿ ಒತ್ತಿದರೂ ಒಂದೇ ಅರ್ಜಿ ದಾಖಲಾಗುವಂತೆ, ಪ್ರತಿ ಅರ್ಜಿಯೊಂದಿಗೆ ವಿಶಿಷ್ಟ ಸಂಕೇತವೊಂದನ್ನು ಕಳುಹಿಸಿ ಸರ್ವರ್‌ನಲ್ಲಿಯೇ ತಾಳೆ ನೋಡಿ. ಗುಂಡಿಯನ್ನು ನಿಷ್ಕ್ರಿಯಗೊಳಿಸುವುದಷ್ಟೇ ಸಾಲದು.

ನೆಟ್‌ವರ್ಕ್ ಕೈಕೊಟ್ಟಾಗ ಬರೆದದ್ದು ಉಳಿಯಬೇಕಾದರೆ ಕರಡನ್ನು ಬಳಕೆದಾರರ ಸಾಧನದಲ್ಲೇ ಮಾಹಿತಿ ಇಡುವ ಬ್ರೌಸರ್‌ನ ಲೋಕಲ್ ಸ್ಟೋರೇಜ್‌ನಲ್ಲಿ ಆಗಾಗ ಉಳಿಸುತ್ತಿರಿ. ಆದರೆ ಸೈಬರ್ ಕೇಂದ್ರದ ಕಂಪ್ಯೂಟರನ್ನು ಹಲವರು ಬಳಸುತ್ತಾರೆ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯಂಥ ವಿವರಗಳನ್ನು ಈ ಕರಡಿನಲ್ಲಿ ಇಡಲೇಬಾರದು, ಅರ್ಜಿ ಸಲ್ಲಿಕೆಯಾದೊಡನೆ ಕರಡನ್ನು ಅಳಿಸಬೇಕು.

ಕೊನೆಗೆ, ಕ್ರೋಮ್ ಬ್ರೌಸರ್‌ನಲ್ಲಿ ಪುಟವನ್ನು ಪರೀಕ್ಷಿಸಲು ಇರುವ ಡೆವ್‌ಟೂಲ್ಸ್‌ನಲ್ಲಿ ನೆಟ್‌ವರ್ಕನ್ನು 3ಜಿ ವೇಗಕ್ಕೆ ಇಳಿಸಿ, ಮೌಸ್ ಮುಟ್ಟದೆ ಟ್ಯಾಬ್ ಕೀಲಿಯಿಂದಲೇ ಇಡೀ ಅರ್ಜಿಯನ್ನು ಕನ್ನಡದಲ್ಲಿ ತುಂಬಿ ನೋಡಿ. ತಪ್ಪಿರುವ ಮೊದಲ ಫೀಲ್ಡ್‌ಗೆ ಫೋಕಸ್ (ಟೈಪಿಂಗ್‌ನ ಜಾಗ) ಹೋಗುತ್ತಿದೆಯೇ, ದೃಷ್ಟಿದೋಷವಿರುವವರಿಗಾಗಿ ಪರದೆಯನ್ನು ಓದಿಹೇಳುವ ಸ್ಕ್ರೀನ್ ರೀಡರ್ ಆ ಎಚ್ಚರಿಕೆಯನ್ನು ಓದಿ ಹೇಳುತ್ತಿದೆಯೇ ಎಂಬುದನ್ನು ಪರೀಕ್ಷಿಸಿದ ನಂತರವೇ ಪುಟವನ್ನು ಸಾರ್ವಜನಿಕರ ಬಳಕೆಗೆ ಬಿಡಿ.