ಇಂಗ್ಲೆಂಡಿನ ಕ್ರಿಮಿನಲ್ ಸಾಲಿಸಿಟರ್‌ಗಳು: ಯಾರ ಅನುಭವ ಯಾವ ಹಂತಕ್ಕೆ ಬೇಕು

ಮನೆ ಕೊಳ್ಳುವಾಗ ಕಾಗದಪತ್ರ ಮಾಡಿಕೊಟ್ಟ ವಕೀಲರು, ಅಂದರೆ ಸಾಲಿಸಿಟರ್, ಇಂಗ್ಲೆಂಡಿನ ಎಷ್ಟೋ ಕನ್ನಡ ಕುಟುಂಬಗಳಿಗೆ ಪರಿಚಯ. ಮನೆಯವರೊಬ್ಬರನ್ನು ಪೊಲೀಸರು ಕರೆದೊಯ್ದ ರಾತ್ರಿ ಫೋನ್ ಹೋಗುವುದೂ ಅವರಿಗೇ. ಅದರಿಂದ ಪ್ರಯೋಜನವಿಲ್ಲ. ಕ್ರಿಮಿನಲ್ ಕೆಲಸ ಮಾಡುವವರದು ಬೇರೆಯೇ ಗುಂಪು. ಅವರೊಳಗೂ ಠಾಣೆಯಲ್ಲಿ ಪಳಗಿದವರು, ಕೋರ್ಟಿನಲ್ಲಿ ವಾದಿಸುವವರು, ವಂಚನೆ ಕೇಸಿನ ಲೆಕ್ಕಪತ್ರ ಬಿಡಿಸಬಲ್ಲವರು ಬೇರೆ ಬೇರೆ. ಮುಂದೆ ಹೇಳುವುದೆಲ್ಲ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ. ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳ ಕಾನೂನು, ಕೋರ್ಟು, ವಕೀಲರ ನೋಂದಣಿ ಎಲ್ಲವೂ ಬೇರೆ.

ಮೊದಲ ಹಂತ ಠಾಣೆ. ಕೇಸಿನ ಗತಿ ಬಹಳ ಸಲ ಅಲ್ಲೇ ನಿರ್ಧಾರವಾಗುತ್ತದೆ. ಬಂಧಿತರಾದವರಿಗೆ ಉಚಿತ ಕಾನೂನು ಸಲಹೆಯ ಹಕ್ಕಿದೆ. ಸಂಬಳ ಎಷ್ಟೆಂದು ಯಾರೂ ಕೇಳುವುದಿಲ್ಲ. 1984ರ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯಿದೆಯ 58ನೇ ಸೆಕ್ಷನ್ ಕೊಟ್ಟ ಹಕ್ಕು ಇದು. ಮೊದಲು ಬೇಡವೆಂದಿದ್ದರೂ ಆಮೇಲೆ ಯಾವಾಗ ಬೇಕಾದರೂ ಬಂಧಿತರ ಹೊಣೆ ಹೊತ್ತ ಪೊಲೀಸ್ ಅಧಿಕಾರಿಯಾದ ಕಸ್ಟಡಿ ಸಾರ್ಜೆಂಟ್‌ಗೆ ಹೇಳಿ ಕೇಳಬಹುದು. ಬಂಧಿಸದೆ, ‘ನೀವಾಗಿಯೇ ಬಂದು ಹೇಳಿಕೆ ಕೊಡಿ’ ಎಂದು ಕರೆದಿದ್ದರೂ ಆ ವಿಚಾರಣೆಗೆ ಇದೇ ಹಕ್ಕು ಅನ್ವಯ. ಇಂಗ್ಲಿಷಿನಲ್ಲಿ ತೊಡಕಾಗುವವರಿಗೆ, ಉದಾಹರಣೆಗೆ ಊರಿನಿಂದ ಬಂದ ತಂದೆತಾಯಿಗೆ, ದುಭಾಷಿಯನ್ನೂ ಉಚಿತವಾಗಿ ಕೊಡಬೇಕು. ಕನ್ನಡ ಎಂದೇ ಕೇಳಿ. ಹಿಂದಿ ಸಾಕು ಎಂದು ಒಪ್ಪಿಕೊಳ್ಳಬೇಡಿ.

ನಮ್ಮವರು ಎಡವುವುದು ಎರಡು ಕಾರಣಕ್ಕೆ. ವಕೀಲರನ್ನು ಕೇಳಿದರೆ ತಪ್ಪು ಮಾಡಿದ್ದೇನೆಂದು ತಿಳಿದಾರು ಎಂಬ ಅಂಜಿಕೆ ಒಂದು. ಪುಕ್ಕಟೆ ವಕೀಲರು ಅಷ್ಟಕ್ಕಷ್ಟೆ ಎಂಬ ನಂಬಿಕೆ ಇನ್ನೊಂದು. ಎರಡನೆಯದು ಶುದ್ಧ ತಪ್ಪು. ಠಾಣೆಗೆ ಉಚಿತವಾಗಿ ಬರುವ ಸರದಿಯ ವಕೀಲರಿಗೆ ಡ್ಯೂಟಿ ಸಾಲಿಸಿಟರ್ ಎನ್ನುತ್ತಾರೆ. ಹಾಗಾಗಲು ಸಾಲಿಸಿಟರ್ ಪದವಿಯೊಂದೇ ಸಾಲದು. ಠಾಣೆಯ ಕೆಲಸಕ್ಕೊಂದು, ಮ್ಯಾಜಿಸ್ಟ್ರೇಟ್ ಕೋರ್ಟಿನ ಕೆಲಸಕ್ಕೊಂದು ಪ್ರತ್ಯೇಕ ಅರ್ಹತೆ ಪಡೆದು ಸಾಲಿಸಿಟರ್‌ಗಳ ಸಂಘವಾದ ಲಾ ಸೊಸೈಟಿಯ ಕ್ರಿಮಿನಲ್ ಲಿಟಿಗೇಷನ್ ಮಾನ್ಯತೆ ಹೊಂದಿರಬೇಕು. ವಕೀಲರ ಸಂಸ್ಥೆಯ ಜಾಲತಾಣದಲ್ಲಿ ಒಬ್ಬರ ಪರಿಚಯದಲ್ಲಿ ‘ಡ್ಯೂಟಿ ಸಾಲಿಸಿಟರ್’ ಎಂದು ಕಂಡರೆ ಅದು ತೂಕದ ಮಾತು.

ಠಾಣೆಗೆ ಸಾಲಿಸಿಟರ್ ಬದಲು ‘ಮಾನ್ಯತೆ ಪಡೆದ ಠಾಣಾ ಪ್ರತಿನಿಧಿ’ ಬರುವುದೂ ಉಂಟು. ಇವರು ಸಾಲಿಸಿಟರ್ ಅಲ್ಲ, ಆದರೆ ಠಾಣೆಯ ಕೆಲಸಕ್ಕೇ ಪರೀಕ್ಷೆ ಪಾಸಾದವರು. ನಿವೃತ್ತ ಪೊಲೀಸರೂ ಇವರಲ್ಲಿದ್ದಾರೆ. ಸಣ್ಣ ಕೇಸಿಗೆ ಇವರು ಸಾಕು. ಅತ್ಯಾಚಾರ, ದೊಡ್ಡ ಮೊತ್ತದ ವಂಚನೆಯಂಥ ಆರೋಪಕ್ಕೆ ಸಾಲಿಸಿಟರೇ ಬರಲಿ ಎಂದು ಕೇಳಬೇಕೆಂಬುದು ನಮ್ಮ ಅಭಿಪ್ರಾಯ.

ಇಷ್ಟು ಒತ್ತಿ ಹೇಳಲು ಕಾರಣ ಇಲ್ಲಿನ ಮೌನದ ನಿಯಮ. ಮೌನವಾಗಿರುವ ಹಕ್ಕಿದೆ. ಆದರೆ ವಿಚಾರಣೆಯಲ್ಲಿ ಹೇಳಬಹುದಾಗಿದ್ದ ಸಂಗತಿಯನ್ನು ಹೇಳದೆ, ಮುಂದೆ ಕೋರ್ಟಿನಲ್ಲಿ ಅದನ್ನೇ ನೆಚ್ಚಿಕೊಂಡರೆ, 1994ರ ಕಾಯಿದೆಯಂತೆ ಜ್ಯೂರಿ ಅದನ್ನು ನಿಮಗೆ ವಿರುದ್ಧವಾಗಿ ಎಣಿಸಬಹುದು. ಪೊಲೀಸರ ಕೈಯಲ್ಲಿ ಏನಿದೆ ಎಂದು ಮೊದಲು ಕೇಳಿ ತಿಳಿದು, ಉತ್ತರಿಸಬೇಕೇ, ‘ನೋ ಕಾಮೆಂಟ್’ ಎನ್ನಬೇಕೇ, ಬರೆದ ಹೇಳಿಕೆಯೊಂದನ್ನು ಓದಿಸಿ ಸುಮ್ಮನಾಗಬೇಕೇ ಎಂದು ನಿರ್ಧರಿಸುವುದೇ ಠಾಣೆಯಲ್ಲಿ ಪಳಗಿದವರ ಕಸುಬು. ಹತ್ತು ವರ್ಷ ಬರೀ ಕೋರ್ಟಿನಲ್ಲಿ ವಾದಿಸಿದವರಿಗೂ ಈ ಹದ ತಾನಾಗಿ ಬರುವುದಿಲ್ಲ.

ಕುಡಿದು ಗಾಡಿ ಓಡಿಸಿದ ಆರೋಪದಲ್ಲಿ ಮಾತ್ರ ಎಚ್ಚರ. ವಕೀಲರು ಬರುವವರೆಗೆ ಉಸಿರಿನ ಮಾದರಿ ಕೊಡುವುದಿಲ್ಲ ಎಂದು ಕೂತರೆ ಅದೇ ಇನ್ನೊಂದು ಅಪರಾಧವಾಗುತ್ತದೆ.

ಎರಡನೆಯ ಹಂತ ಕೋರ್ಟು. ಎಲ್ಲ ಕೇಸೂ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಶುರುವಾಗಿ, ಗಂಭೀರವಾದವು ಕ್ರೌನ್ ಕೋರ್ಟಿಗೆ ಹೋಗುತ್ತವೆ. ಕ್ರೌನ್ ಕೋರ್ಟಿನಲ್ಲಿ ಸಾಮಾನ್ಯವಾಗಿ ಎದ್ದು ವಾದಿಸುವವರು ಬ್ಯಾರಿಸ್ಟರ್. ಸಾಕ್ಷಿ ಹುಡುಕಿ, ಕಡತ ಸಿದ್ಧಮಾಡಿ, ಆ ಬ್ಯಾರಿಸ್ಟರನ್ನು ಆರಿಸುವವರು ಸಾಲಿಸಿಟರ್. ಪರಿಚಯದಲ್ಲಿ ‘ಸಾಲಿಸಿಟರ್ ಅಡ್ವೊಕೇಟ್’ ಅಥವಾ ‘ಹೈಯರ್ ರೈಟ್ಸ್’ ಎಂದಿದ್ದರೆ ಅವರೇ ಕ್ರೌನ್ ಕೋರ್ಟಿನಲ್ಲೂ ವಾದಿಸಬಲ್ಲರು. ಅನುಕೂಲವೇನೋ ಹೌದು. ಆದರೆ ನಿಮ್ಮ ಕೇಸಿಗೆ ಅವರೇ ಸರಿಯೋ, ಹೊರಗಿನ ಬ್ಯಾರಿಸ್ಟರ್ ಸರಿಯೋ ಎಂದು ನೇರವಾಗಿ ಕೇಳಿ. ‘ಹಿಂದೆ ಪ್ರಾಸಿಕ್ಯೂಟರ್ ಆಗಿದ್ದವರು’ ಎಂಬ ಸಾಲು ಕಂಡರೆ, ಆ ಕಡೆಯವರು ಸಾಕ್ಷ್ಯವನ್ನು ಹೇಗೆ ತೂಗುತ್ತಾರೆಂಬ ಅರಿವು ಇವರಿಗಿದೆ ಎಂದು ತಿಳಿಯಬಹುದು. ‘ಪಾರ್ಟ್ನರ್’ ಎನ್ನುವುದು ಸಂಸ್ಥೆಯೊಳಗಿನ ಸ್ಥಾನ ಅಷ್ಟೆ. ಕಡತ ದಿನವೂ ಯಾರ ಮೇಜಿನ ಮೇಲಿರುತ್ತದೆ ಎಂಬುದಕ್ಕೆ ಅದು ಉತ್ತರವಲ್ಲ. ಆ ಹೆಸರನ್ನು ಕೇಳಿ ಪಡೆದು, ಸಾಲಿಸಿಟರ್‌ಗಳ ನಿಯಂತ್ರಣ ಸಂಸ್ಥೆಯಾದ ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯ ಜಾಲತಾಣದಲ್ಲಿ ಹುಡುಕಿ. ನೋಂದಣಿ ಇದೆಯೇ, ಶಿಸ್ತುಕ್ರಮದ ದಾಖಲೆ ಇದೆಯೇ ಎಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಕರ್ನಾಟಕದ ವಕೀಲರ ಪರಿಷತ್ತಿನ ಸನ್ನದು ಇದ್ದವರು ಅದೊಂದರ ಬಲದಿಂದ ಇಲ್ಲಿ ಸಾಲಿಸಿಟರ್ ಆಗುವುದಿಲ್ಲ. ಅವರೂ 2021ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಸ್‌ಕ್ಯುಇ ಎಂಬ ಸಾಲಿಸಿಟರ್ ಅರ್ಹತಾ ಪರೀಕ್ಷೆಯ ದಾರಿಯಲ್ಲೇ ಬರಬೇಕು.

ಹಣದ ವಿಷಯ. ಠಾಣೆಯ ಉಚಿತ ಸಲಹೆ ಕೋರ್ಟಿಗೆ ಹಾಗೇ ಮುಂದುವರಿಯುವುದಿಲ್ಲ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುವ ಲೀಗಲ್ ಏಡ್‌ಗೆ ಗಂಡಹೆಂಡಿರ ಆದಾಯ ಸೇರಿಸಿ, ಮಕ್ಕಳ ಸಂಖ್ಯೆಗೆ ತಕ್ಕಂತೆ ತಗ್ಗಿಸಿ ಲೆಕ್ಕ ಹಾಕುತ್ತಾರೆ. ಹಾಗೆ ಬಂದ ಮೊತ್ತ ವರ್ಷಕ್ಕೆ 12,475 ಪೌಂಡ್ ಮೀರದಿದ್ದರೆ ಸಿಗುತ್ತದೆ. 22,325 ಮುಟ್ಟಿದರೆ ಇಲ್ಲ. ನಡುವಿನವರಿಗೆ ಖರ್ಚುವೆಚ್ಚದ ವಿವರವಾದ ಪರೀಕ್ಷೆ. ಐಟಿ ಉದ್ಯೋಗಿಗಳಲ್ಲಿ ಹೆಚ್ಚಿನವರಿಗೆ ಇಲ್ಲಿ ಸಿಗುವುದಿಲ್ಲ. ಕ್ರೌನ್ ಕೋರ್ಟಿನಲ್ಲಿ ಖರ್ಚು ಕಳೆದು ಉಳಿಯುವ ಆದಾಯ 37,500 ಪೌಂಡಿಗಿಂತ ಕಡಿಮೆ ಇದ್ದರೆ ಸಿಗುತ್ತದೆ, ಕೆಲವರು ತಿಂಗಳ ಕಂತು ಕಟ್ಟಬೇಕಾಗುತ್ತದೆ. ಸಿಗುವುದಿಲ್ಲವೆಂದು ಖಚಿತವಿದ್ದರೂ ಕ್ರೌನ್ ಕೋರ್ಟಿನ ಕೇಸಿಗೆ ಅರ್ಜಿ ಹಾಕಲೇಬೇಕು. ಆದಾಯ ಹೆಚ್ಚೆಂದು ಲೀಗಲ್ ಏಡ್ ನಿರಾಕರಿಸಿದ ನಿರ್ಧಾರ ಕೈಯಲ್ಲಿಲ್ಲದಿದ್ದರೆ, ಖುಲಾಸೆಯಾದರೂ ವಕೀಲರಿಗೆ ಕೊಟ್ಟ ಹಣ ವಾಪಸ್ ಕೇಳುವಂತಿಲ್ಲ. ಇದ್ದರೂ ಸಿಗುವುದು ಲೀಗಲ್ ಏಡ್ ದರದಲ್ಲಿ ಮಾತ್ರ.

ವೀಸಾದ ಮೇಲೆ ಇರುವವರು ಮೊದಲ ಮಾತಿನಲ್ಲೇ ಅದನ್ನು ಸಾಲಿಸಿಟರ್‌ಗೆ ಹೇಳಬೇಕು. ಕ್ರಿಮಿನಲ್ ಕಾನೂನಿನಲ್ಲಿ ನಿಪುಣರಾದವರಿಗೂ ವಲಸೆ ಕಾನೂನು ಗೊತ್ತಿರಬೇಕೆಂದೇನಿಲ್ಲ. ಠಾಣೆಯಲ್ಲಿ ‘ಕಾಷನ್ ತೆಗೆದುಕೊಂಡು ಮನೆಗೆ ಹೋಗಿ’ ಎಂದರೆ ಬಿಡುಗಡೆಯಂತೆ ಕೇಳಿಸುತ್ತದೆ. ಆದರೆ ಕಾಷನ್ ಎಂದರೆ ಕೋರ್ಟಿಗೆ ಒಯ್ಯದೆ ಪೊಲೀಸರು ಕೊಡುವ ಅಧಿಕೃತ ಎಚ್ಚರಿಕೆ, ತಪ್ಪೊಪ್ಪಿಕೊಂಡರೆ ಮಾತ್ರ ಸಿಗುವುದು. ಅದು ಪೊಲೀಸ್ ದಾಖಲೆಯಲ್ಲಿ ಉಳಿಯುತ್ತದೆ. ಪೌರತ್ವದ ಅರ್ಜಿಯಲ್ಲೂ ತಿಳಿಸಬೇಕಾಗುತ್ತದೆ. ಹನ್ನೆರಡು ತಿಂಗಳು ಅಥವಾ ಹೆಚ್ಚಿನ ಜೈಲುಶಿಕ್ಷೆಯಾದರೆ 2007ರ ಕಾಯಿದೆಯಂತೆ ಗಡೀಪಾರಿನ ಕ್ರಮ ಶುರುವಾಗುತ್ತದೆ, ಐಎಲ್‌ಆರ್ (ಇಲ್ಲಿ ಕಾಯಂ ನೆಲೆಸುವ ಅನುಮತಿ) ಇದ್ದವರಿಗೂ. ಸಂಸ್ಥೆಯಲ್ಲಿ ವಲಸೆ ವಿಭಾಗವೂ ಇದೆಯೇ, ಇಲ್ಲದಿದ್ದರೆ ಯಾರಿಂದ ಸಲಹೆ ಪಡೆಯುತ್ತಾರೆ ಎಂದು ಕೇಳಿ.

ಗಂಡಹೆಂಡಿರ ಜಗಳದ ಕೇಸುಗಳಲ್ಲಿ ಊರಿನ ತಿಳಿವಳಿಕೆಯೇ ಮುಳುವಾಗುತ್ತದೆ. ‘ಹೆಂಡತಿ ದೂರು ಹಿಂತೆಗೆದುಕೊಂಡರೆ ಮುಗಿಯಿತು, ಹಿರಿಯರು ಕೂತು ರಾಜಿ ಮಾಡಿಸುತ್ತಾರೆ’ ಎಂಬುದು ಇಲ್ಲಿ ನಡೆಯದು. ಕೇಸು ನಡೆಸುವುದು ಕ್ರೌನ್ ಪ್ರಾಸಿಕ್ಯೂಷನ್ ಸರ್ವಿಸ್. ಆಕೆ ಬೇಡವೆಂದರೂ ಅವರು ಮುಂದುವರಿಸಬಹುದು. ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಸಂಪರ್ಕಿಸಬಾರದೆಂಬ ಜಾಮೀನು ಷರತ್ತಿದ್ದಾಗ, ಮಗನ ಮಾತು ಕೇಳಿ ಅತ್ತೆ ಹುಬ್ಬಳ್ಳಿಯಿಂದ ಸೊಸೆಗೆ ಫೋನ್ ಮಾಡಿದರೂ ಅದು ಪರೋಕ್ಷ ಸಂಪರ್ಕವೇ. ಮಗನನ್ನು ಮತ್ತೆ ಬಂಧಿಸಬಹುದು. ಸಾಕ್ಷಿಯನ್ನು ಬೆದರಿಸಿದ ಆರೋಪವೂ ಸೇರಬಹುದು. ಇಂಥ ಕೇಸಿಗೆ ಕೌಟುಂಬಿಕ ಹಿಂಸೆಯ ಪ್ರಕರಣಗಳನ್ನು ಪದೇ ಪದೇ ನಡೆಸಿದ ಸಾಲಿಸಿಟರ್ ಬೇಕು. ಇಬ್ಬರ ಮೇಲೂ ಆರೋಪವಿದ್ದು ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುವಂತಿದ್ದರೆ ಒಬ್ಬರೇ ಸಾಲಿಸಿಟರ್ ಇಬ್ಬರ ಪರ ನಿಲ್ಲುವಂತಿಲ್ಲ. ಅದು ಹಿತಾಸಕ್ತಿಯ ಘರ್ಷಣೆ.

ಇಷ್ಟನ್ನೂ ಸಹಿ ಹಾಕುವ ಮೊದಲೇ ಕೇಳಿಕೊಳ್ಳಿ. ಲೀಗಲ್ ಏಡ್ ಆದೇಶ ಒಂದು ಸಂಸ್ಥೆಯ ಹೆಸರಿಗೆ ಬಂದ ಮೇಲೆ ಬೇರೆಯವರಿಗೆ ವರ್ಗಾಯಿಸಲು ಕೋರ್ಟಿನ ಅನುಮತಿ ಬೇಕು, ಬಲವಾದ ಕಾರಣವಿಲ್ಲದೆ ಅದು ಸಿಗುವುದಿಲ್ಲ. ಸೇವೆಯಲ್ಲಿ ಲೋಪವಾದರೆ ಮೊದಲು ಸಂಸ್ಥೆಗೇ ಬರೆದು ದೂರು ಕೊಡಿ. ಎಂಟು ವಾರದಲ್ಲಿ ಬಗೆಹರಿಯದಿದ್ದರೆ ವಕೀಲರ ಮೇಲಿನ ದೂರು ವಿಚಾರಿಸುವ ಲೀಗಲ್ ಒಂಬುಡ್ಸ್‌ಮನ್ ಬಳಿ ಹೋಗಬಹುದು.