ಅಣುತ್ಯಾಜ್ಯದ ಮೇಲೆ ಪಿಎಚ್‌ಡಿ ಮಾಡ್ಬೇಕಾ? ಶುರು ಎಲ್ಲಿಂದ ಅಂತ ನೋಡಿ

ಕೈಗಾದಲ್ಲಿ ಕರೆಂಟ್ ತಯಾರಾಗುತ್ತೆ ಅಂತ ಎಲ್ರಿಗೂ ಗೊತ್ತು, ಆದ್ರೆ ಬಳಸಿ ತೆಗೆದ ಇಂಧನದ ಕಥೆ ಏನು ಅಂತ ಎಂಎಸ್ಸಿ ಕೆಮಿಸ್ಟ್ರಿ ಓದಿದವ್ರನ್ನ ಕೇಳಿದ್ರೂ ಸುಮಾರು ಜನ ಸುಮ್ನಾಗ್ತಾರೆ. ನಮ್ಮ ದೇಶದ ಪದ್ಧತಿ ಏನಂದ್ರೆ ಅದನ್ನ ಮೊದ್ಲು ನೀರಿನ ಕೊಳದಲ್ಲಿ ವರ್ಷಗಟ್ಟಲೆ ತಣಿಸಿ, ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿ, ಟ್ರೈಬ್ಯುಟೈಲ್ ಫಾಸ್ಫೇಟ್ ಅನ್ನೋ ದ್ರಾವಕ ಬಳಸಿ ಯುರೇನಿಯಂ, ಪ್ಲುಟೋನಿಯಂ ಎಳ್ಕೊಂಡು, ಉಳಿದ ವಿಕಿರಣಭರಿತ ದ್ರವವನ್ನ ಬೋರೋಸಿಲಿಕೇಟ್ ಗಾಜಿನ ಜೊತೆ ಕರಗಿಸಿ ಸ್ಟೀಲ್ ಡಬ್ಬಿಗೆ ಸುರಿಯೋದು. ಈ ದಾರಿಯ ಒಂದೊಂದು ತಿರುವಲ್ಲೂ ನಾಲ್ಕೈದು ವರ್ಷ ಕೂತು ಬಿಡಿಸಬೇಕಾದ ಪ್ರಶ್ನೆಗಳಿವೆ.

ಮೊದಲ ಕೆಲಸ, ಸಂಸ್ಥೆ ಹುಡುಕೋಕೆ ಮುಂಚೆ ಪ್ರಶ್ನೆ ಹುಡುಕಿ. ಸೀಸಿಯಂ-137 ತಗೊಳ್ಳಿ, ಅರ್ಧಾಯುಷ್ಯ (ವಿಕಿರಣ ಅರ್ಧಕ್ಕೆ ಇಳಿಯೋಕೆ ಬೇಕಾದ ಸಮಯ) 30 ವರ್ಷ, ಇದನ್ನ ತ್ಯಾಜ್ಯದಿಂದ ಬೇರ್ಪಡಿಸಿ ಬಾರ್ಕ್‌ನವ್ರು (ಭಾಭಾ ಅಣು ಸಂಶೋಧನಾ ಕೇಂದ್ರ) ರೋಗಿಗೆ ಕೊಡೋ ಮುಂಚೆ ರಕ್ತಕ್ಕೆ ವಿಕಿರಣ ಹಾಯಿಸೋ ಇರ್ರೇಡಿಯೇಟರ್‌ಗೆ ಬಳಸೋ ಹಾಗೆ ಮಾಡಿದ್ದಾರೆ, ಕಸದೊಳಗಿಂದ ಆಸ್ಪತ್ರೆಗೆ ಬೇಕಾದ ವಸ್ತು ಬಂತು ನೋಡಿ! ಅಮೆರಿಸಿಯಂ-241 ಇನ್ನೂ ಹಠಮಾರಿ, 432 ವರ್ಷ, ಮೇಲಾಗಿ ಅದೂ ತ್ಯಾಜ್ಯದಲ್ಲೇ ಇರೋ ಲ್ಯಾಂಥನೈಡ್‌ಗಳೂ (ಯುರೋಪಿಯಂನಂಥ ಲೋಹಗಳು) ಪ್ಲಸ್ ಮೂರು ಅಯಾನು, ಸೈಜೂ ಹತ್ರಹತ್ರ ಒಂದೇ, ಹಾಗಾಗಿ ಒಂದನ್ನ ಮಾತ್ರ ಹಿಡಿಯೋ ಲೈಗಾಂಡ್ (ಲೋಹದ ಅಯಾನಿಗೆ ಅಂಟಿಕೊಳ್ಳೋ ಅಣು) ಮಾಡೋದು ಈ ಕ್ಷೇತ್ರದ ನಿಜವಾದ ಕಷ್ಟ, ನನ್ನ ಕೇಳಿದ್ರೆ ಅತ್ಯಂತ ಚೆಂದದ ಕೆಮಿಸ್ಟ್ರಿನೂ ಅದೇ. ಎಂಜಿನಿಯರ್‌ಗಳಿಗೆ ಗಾಜು ಕರಗಿಸೋ ಮೆಲ್ಟರ್‌ನ ಸವೆತ, ಶಾಖ ಹರಿವು, ದೂರದಿಂದಲೇ ರಿಪೇರಿ ಮಾಡೋ ಯಂತ್ರಗಳು ಇವೆ. ಭೂವಿಜ್ಞಾನದವ್ರಿಗೆ ಈ ತ್ಯಾಜ್ಯವನ್ನ ಆಳದಲ್ಲಿ ಹೂಳೋಕೆ ತಕ್ಕ ಬಂಡೆಯ ಪ್ರಶ್ನೆ ಇದೆ: 1980ರ ದಶಕದಲ್ಲಿ ಕೆಜಿಎಫ್‌ನಲ್ಲಿ ಕೆಲಸ ನಿಲ್ಲಿಸಿದ್ದ ಗಣಿ ಭಾಗವೊಂದರಲ್ಲಿ ಸುಮಾರು 1000 ಮೀಟರ್ ಆಳದಲ್ಲಿ ಹೀಟರ್ ಇಟ್ಟು, ಬಂಡೆ ಬಿಸಿಗೆ ಹೇಗೆ ವರ್ತಿಸುತ್ತೆ ಅಂತ ಅಳೆದಿದ್ರು.

ಆಮೇಲೆ ಪರೀಕ್ಷೆ. ಕೆಮಿಸ್ಟ್ರಿಗೆ ಸಿಎಸ್‌ಐಆರ್-ಯುಜಿಸಿ ನೆಟ್, ಎಂಜಿನಿಯರಿಂಗ್‌ಗೆ ಗೇಟ್ ಸ್ಕೋರ್ ರೆಡಿ ಇಟ್ಕೊಳ್ಳಿ. ಹೋಮಿ ಭಾಭಾ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಅಡಿಯಲ್ಲಿ ಮುಂಬೈನ ಬಾರ್ಕ್, ಕಲ್ಪಾಕ್ಕಂನ ಐಜಿಕಾರ್ (ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರ) ಎರಡೂ ಬರ್ತವೆ, ಈ ವಿಷಯಕ್ಕೆ ಮುಖ್ಯ ಜಾಗ ಇವೇ. ಜೆಆರ್‌ಎಫ್ (ಸಂಶೋಧನೆ ಮಾಡೋವ್ರಿಗೆ ಸಿಗೋ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಆದ್ಮೇಲೆ 42,000.

ಅಲ್ಲಿ ಸೀಟು ಸಿಗ್ಲಿಲ್ಲ ಅಂತ ಕೈಬಿಡ್ಬೇಡಿ. ಬಿಆರ್‌ಎನ್‌ಎಸ್ (ಅಣು ವಿಜ್ಞಾನ ಸಂಶೋಧನಾ ಮಂಡಳಿ) ದುಡ್ಡು ಕೊಡೋ ಪ್ರಾಜೆಕ್ಟ್‌ಗಳು ಬೇರೆ ಯೂನಿವರ್ಸಿಟಿಗಳಲ್ಲೂ ನಡೀತವೆ. ವಿಕಿರಣ ಇಲ್ದೇನೂ ಬೇಕಾದಷ್ಟು ಕೆಲಸ ಮಾಡ್ಬಹುದು, ಪ್ಲುಟೋನಿಯಂ ಬದ್ಲು ಸೀರಿಯಂ, ಅಮೆರಿಸಿಯಂ ಬದ್ಲು ಯುರೋಪಿಯಂ ಇಟ್ಕೊಂಡು ಪ್ರಯೋಗ ಮಾಡೋದು ಎಲ್ಲಾ ಕಡೆ ರೂಢಿ. ಹೊರದೇಶ ಅಂದ್ರೆ ಇಂಗ್ಲೆಂಡ್‌ನ ಶೆಫೀಲ್ಡ್, ಮ್ಯಾಂಚೆಸ್ಟರ್, ಲೀಡ್ಸ್ ನೋಡಿ, ಆದ್ರೆ ಜಾಹೀರಾತಲ್ಲಿ ಯಾವ ದೇಶದವ್ರಿಗೆ ಫಂಡಿಂಗ್ ಅನ್ನೋ ಸಾಲನ್ನ ಮೊದ್ಲು ಓದಿ, ಕೆಲವು ಅಲ್ಲಿನವ್ರಿಗೆ ಮಾತ್ರ ಇರ್ತವೆ.

ಗೈಡ್‌ಗೆ ಮೇಲ್ ಬರೆಯುವಾಗ "ನಂಗೆ ನ್ಯೂಕ್ಲಿಯರ್‌ನಲ್ಲಿ ಆಸಕ್ತಿ" ಅಂತ ಬರೆದ್ರೆ ಉತ್ತರ ಬರೋದು ಕಷ್ಟ. ಅವ್ರ ಒಂದು ಪೇಪರ್ ಪೂರ್ತಿ ಓದಿ, ಅದ್ರಲ್ಲಿ ಅರ್ಥವಾಗದ ಒಂದು ಗ್ರಾಫ್ ಬಗ್ಗೆ ಕೇಳಿ.

ಮನೇಲಿ ಹೆದರ್ತಾರೆ, ಸಹಜ. ಗ್ಲೋವ್ ಬಾಕ್ಸ್ (ಗ್ಲೋವ್ ಮೂಲಕ ಕೈ ಹಾಕಿ ಕೆಲಸ ಮಾಡೋ ಮುಚ್ಚಿದ ಪೆಟ್ಟಿಗೆ) ಒಳಗೆ ಕೆಲಸ, ಎದೆ ಮೇಲೆ ವಿಕಿರಣ ಅಳೆಯೋ ಟಿಎಲ್‌ಡಿ ಬ್ಯಾಡ್ಜ್, ಎಷ್ಟು ಡೋಸ್ ಬಿತ್ತು ಅನ್ನೋದಕ್ಕೆ ಲೆಕ್ಕ ಇರುತ್ತೆ ಅಂತ ಅಪ್ಪ-ಅಮ್ಮನಿಗೆ ಕೂರಿಸ್ಕೊಂಡು ವಿವರಿಸಿ. ಇನ್ನು ಪೊಲೀಸ್ ವೆರಿಫಿಕೇಶನ್‌ಗೆ ಟೈಮ್ ಹಿಡಿಯುತ್ತೆ, ಮಾರ್ಕ್ಸ್‌ಕಾರ್ಡಲ್ಲಿ ಒಂದು ಇನಿಷಿಯಲ್ ಆಧಾರ್‌ನಲ್ಲಿ ಇನ್ನೊಂದು ಇದ್ರೆ ಈಗ್ಲೇ ಸರಿ ಮಾಡಿಸ್ಕೊಳ್ಳಿ.