ಹತ್ತು ಕೈ, ಒಂದು ಕೌದಿ: ನೊಂದವರ ಹೊಲಿಗೆ ಕೂಟ ನಡೆಸುವ ಬಗೆ

ಕೌದಿ ಹೊಲಿಯುವಾಗ ಕಣ್ಣು ಬಟ್ಟೆಯ ಮೇಲಿರುತ್ತದೆ. ಎದುರಿನವರ ಮುಖ ನೋಡದೆಯೇ ಮಾತಾಡಬಹುದು, ಮಾತೇ ಆಡದೆ ಎರಡು ತಾಸು ಕೂತು ಎದ್ದು ಹೋಗಲೂಬಹುದು. ಗಂಡನನ್ನೋ ಮಗನನ್ನೋ ಕಳೆದುಕೊಂಡ ಹೆಂಗಸರಿಗೆ, ವರ್ಷಗಟ್ಟಲೆ ಖಿನ್ನತೆಯ ಮಾತ್ರೆ ನುಂಗುತ್ತಿರುವವರಿಗೆ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಂಡು ಬಳಲಿದವರಿಗೆ ಸಮುದಾಯ ಕಲೆಯ ಕಾರ್ಯಕ್ರಮ ಮಾಡಬೇಕೆಂದಿದ್ದರೆ ಗೋಡೆ ಚಿತ್ರಕ್ಕಿಂತ, ನಾಟಕಕ್ಕಿಂತ ಮೊದಲು ಕೌದಿಯನ್ನು ಆರಿಸಿಕೊಳ್ಳಿ. ನಮ್ಮ ಹಳ್ಳಿಗಳಲ್ಲಿ ಇದನ್ನು ಹೊಸದಾಗಿ ಕಲಿಸಬೇಕಿಲ್ಲ. ಹಳೆ ಸೀರೆ ಎಲ್ಲರ ಮನೆಯಲ್ಲೂ ಇದೆ.

ಇದು ಚಿಕಿತ್ಸೆಯಲ್ಲ ಎಂಬುದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಬೇಕು. ಕೂಟಕ್ಕೆ ಬಂದು ಮನಸ್ಸು ಹಗುರಾಯಿತೆಂದು ಯಾರೂ ಮಾತ್ರೆ ನಿಲ್ಲಿಸಬಾರದು.

ಎಷ್ಟು ಜನ, ಯಾವಾಗ, ಎಲ್ಲಿ

ಎಂಟರಿಂದ ಹತ್ತು ಜನ ಸಾಕು. ನಾಲ್ಕೂವರೆ ಅಡಿ ಅಗಲ, ಆರಡಿ ಉದ್ದದ ಕೌದಿಯ ಸುತ್ತಳತೆ 21 ಅಡಿ. ಮೊಣಕೈ ತಾಗದೆ ಹೊಲಿಯಲು ಒಬ್ಬರಿಗೆ ಎರಡಡಿ ಬೇಕು. ಹನ್ನೊಂದನೆಯವರು ಹಿಂದೆ ಕೂತು ನೋಡುವವರಾಗುತ್ತಾರೆ, ಮುಂದಿನ ವಾರ ಬರುವುದಿಲ್ಲ. ಹೆಚ್ಚು ಜನ ಬಂದರೆ ಎರಡನೇ ಕೌದಿ ಶುರು ಮಾಡಿ.

ವಾರಕ್ಕೊಮ್ಮೆ ಎರಡು ತಾಸಿನಂತೆ ಹತ್ತು ವಾರ. ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂವರೆ ಒಳ್ಳೆಯ ಹೊತ್ತು: ಊಟದ ಪಾತ್ರೆ ತೊಳೆದಾಗಿರುತ್ತದೆ, ಹಾಲು ಕರೆಯಲು ಇನ್ನೂ ವೇಳೆ ಇರುತ್ತದೆ. ಎತ್ತು ಹೂಡದ ಸೋಮವಾರ ಉತ್ತರ ಕರ್ನಾಟಕದ ಬಹಳ ಊರುಗಳಲ್ಲಿ ಅನುಕೂಲದ ದಿನ. ಮುಂಗಾರು ಬಿತ್ತನೆಯಲ್ಲಿ, ಸುಗ್ಗಿಯಲ್ಲಿ ಆರಂಭಿಸಿದರೆ ಮೂರನೇ ವಾರಕ್ಕೆ ಕೋಣೆ ಖಾಲಿ. ಫೆಬ್ರವರಿಯಿಂದ ಏಪ್ರಿಲ್ ಸರಿಯಾದ ಕಾಲ, ಕೌದಿ ಹೇಗಿದ್ದರೂ ಬೇಸಿಗೆಯ ಕೆಲಸವೇ.

ಜಾಗ ಎಲ್ಲ ಜಾತಿಯವರೂ ಹಿಂಜರಿಯದೆ ಕಾಲಿಡುವಂಥದ್ದಾಗಿರಬೇಕು. ಗುಡಿಯ ಪೌಳಿ ಎಷ್ಟೇ ತಂಪಾಗಿರಲಿ, ಅಲ್ಲಿಗೆ ಬರಲಾಗದವರು ಇದ್ದೇ ಇರುತ್ತಾರೆ. ಅವರು ಕಾರಣ ಹೇಳುವುದಿಲ್ಲ, ಸುಮ್ಮನೆ ಬರುವುದಿಲ್ಲ. ಶಾಲೆ ಅಥವಾ ಅಂಗನವಾಡಿ ಮೇಲು. ಬಾಗಿಲು ಬೀದಿಗೆ ನೇರವಾಗಿ ತೆರೆದಿರಬಾರದು.

ನಡೆಸಲು ಇಬ್ಬರು ಬೇಕು. ಒಬ್ಬರು ಊರಲ್ಲೇ ಚೆನ್ನಾಗಿ ಕೌದಿ ಹೊಲಿಯುವವರು. ಅವರಿಗೆ ಸಂಬಳ ಕೊಡಿ. ಇನ್ನೊಬ್ಬರು ಆಪ್ತಸಮಾಲೋಚಕಿಯೋ ತರಬೇತಿ ಪಡೆದ ಆಶಾ ಕಾರ್ಯಕರ್ತೆಯೋ. ಅವರೂ ಸೂಜಿ ಹಿಡಿದೇ ಕೂರಬೇಕು. ಕೈಯಲ್ಲಿ ನೋಟ್‌ಬುಕ್ ಕಂಡರೆ ಮಾತು ನಿಲ್ಲುತ್ತದೆ.

ಬೇಕಾದ ಸಾಮಾನು

ಮೈಬಟ್ಟೆಗೆ ಮೂರು ಹಳೆ ಹತ್ತಿ ಸೀರೆ: ಒಂದು ಅಡಿಪದರಕ್ಕೆ, ಎರಡು ನಡುವಿನ ಎರಡು ಪದರಕ್ಕೆ. ಸೀರೆಯ ಅಗಲ ಸುಮಾರು 45 ಇಂಚು. ಹಾಗಾಗಿ ಆರೂವರೆ ಅಡಿಯ ಎರಡು ತುಂಡು ಕತ್ತರಿಸಿ, ಅಗಲಕ್ಕೆ ಜೋಡಿಸಿ, 60 ಇಂಚಿಗೆ ಇಳಿಸಿ. ಉಳಿದ ಬಟ್ಟೆ ಒಬ್ಬೊಬ್ಬರು ಹೊಲಿಯುವ ಮೇಲುಪದರದ ತೇಪೆಗೆ ಬರುತ್ತದೆ. ಪಾಲಿಯೆಸ್ಟರ್ ಸೀರೆಯನ್ನು ಹತ್ತಿಯ ಜೊತೆ ಸೇರಿಸಬೇಡಿ. ಹತ್ತಿ ತೊಳೆದಾಗ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ, ಇಡೀ ಕೌದಿ ಸುಕ್ಕುಗಟ್ಟುತ್ತದೆ. ಎಲ್ಲ ಬಟ್ಟೆಯನ್ನೂ ಮೊದಲೇ ತೊಳೆದು ಒಣಗಿಸಿ. ಕೆಂಪು, ಕಡುನೀಲಿಯನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಬಿಟ್ಟುಬಿಡಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂಬುದನ್ನು ನಂಬಿ ಕೂರಬೇಡಿ.

ಆರೆಳೆಯ ಕಸೂತಿ ದಾರ ಎರಡು ಡಜನ್ ಲಡಿ. ಎಂಟು ಮೀಟರಿನ ಲಡಿಯನ್ನು ಮೂರೆಳೆಯಂತೆ ಬಿಡಿಸಿದರೆ 16 ಮೀಟರ್ ಸಿಗುತ್ತದೆ. ತೇಪೆಗೆ ತಲಾ ಒಂದು ಲಡಿ. ಕೌದಿಯ ಮೇಲೆ ಒಂದಿಂಚಿಗೊಂದು ಸಾಲು ಹಾಕಿದರೆ ಸಾಲಿನ ಉದ್ದ ನೂರು ಮೀಟರಿನಷ್ಟಾಗುತ್ತದೆ, ದಾರ ಅದರ ಒಂದೂವರೆ ಪಟ್ಟು ತಿನ್ನುತ್ತದೆ. ಸೂಜಿಗೆ ಒಂದು ಮೊಳ, ಹೆಚ್ಚೆಂದರೆ ಒಂದೂವರೆ ಮೊಳ ದಾರ ಹಾಕಿ. ಉದ್ದವಾದಷ್ಟೂ ಗಂಟು ಬೀಳುತ್ತದೆ, ಮನಸ್ಸು ಮೊದಲೇ ದಣಿದವರನ್ನು ಆ ಗಂಟೇ ಎಬ್ಬಿಸಿ ಕಳಿಸುತ್ತದೆ.

5ನೇ ನಂಬರಿನ ಕಸೂತಿ ಸೂಜಿ 25, ಬೆರಳಿಗೆ ಹಾಕುವ ಅಂಗುಸ್ತಾನ ಐದಾರು, ಕತ್ತರಿ ನಾಲ್ಕು. ಕತ್ತರಿ, ಸೂಜಿಗಳನ್ನು ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳಿ. ಮಕ್ಕಳು ಆಡುವ ಜಾಗ ಎಂಬುದು ಒಂದು ಕಾರಣ, ತಮಗೇ ಗಾಯ ಮಾಡಿಕೊಳ್ಳುವ ಯೋಚನೆಯಲ್ಲಿರುವವರು ಗುಂಪಿನಲ್ಲಿರಬಹುದು ಎಂಬುದು ಇನ್ನೊಂದು.

ಎಲ್ಲರೂ ಮರೆಯುವ ಸಾಮಾನು ಕನ್ನಡಕ. ನಲವತ್ತು ದಾಟಿದವರಿಗೆ ಸೂಜಿಯ ಕಣ್ಣು ಕಾಣದು, ಅದನ್ನು ಹೇಳಲು ಸಂಕೋಚ, ‘ಕೆಲಸ ಇತ್ತು’ ಎಂದು ಬರುವುದನ್ನೇ ಬಿಡುತ್ತಾರೆ. ಪ್ಲಸ್ ಒಂದೂವರೆ, ಎರಡು, ಎರಡೂವರೆ ಪವರಿನ ಓದುವ ಕನ್ನಡಕ ಒಂದೊಂದು ಇಡಿ, ಇಪ್ಪತ್ತು ಸೂಜಿಗೆ ಮೊದಲೇ ದಾರ ಪೋಣಿಸಿಡಿ. ಮಾತ್ರೆಯಿಂದ ಕೈ ನಡುಗುವವರಿಗೆ ಬಟ್ಟೆ ಆರಿಸುವುದು, ತೇಪೆ ಜೋಡಿಸಿ ನೋಡುವುದು, ದಪ್ಪ ದಾರದಲ್ಲಿ ದೊಡ್ಡ ಟಾಕು ಹಾಕುವುದು ಒಗ್ಗುತ್ತದೆ. ನೆಲದಲ್ಲಿ ಕೂರಲಾಗದವರಿಗೆ ಕುರ್ಚಿ, ಮಡಿಲಿಗೊಂದು ಹಲಗೆ.

ಮೊದಲ ಐದು ವಾರ: ತಮ್ಮ ತಮ್ಮ ತೇಪೆ

ಒಬ್ಬೊಬ್ಬರಿಗೂ 19 ಇಂಚಿನ ಚೌಕ. ಅಂಚಿನ ಹೊಲಿಗೆ ಹೋಗಿ 18 ಉಳಿಯುತ್ತದೆ. ಅಗಲಕ್ಕೆ ಮೂರು, ಉದ್ದಕ್ಕೆ ನಾಲ್ಕು, ಒಟ್ಟು ಹನ್ನೆರಡು ಚೌಕ. ಹತ್ತು ಜನರಿದ್ದರೆ ಎರಡು ಉಳಿಯುತ್ತವೆ. ಅವನ್ನು ಖಾಲಿ ಬಿಡಿ. ತಡವಾಗಿ ಬರುವವರು ಇದ್ದೇ ಇರುತ್ತಾರೆ, ಅವರಿಗೊಂದು ಜಾಗ ಮೊದಲೇ ಇದೆ ಎಂಬುದು ದೊಡ್ಡ ಮಾತು.

ಮೊದಲ ವಾರ ಏನನ್ನೂ ಹೊಲಿಸಬೇಡಿ. ಚಿಂದಿಯ ರಾಶಿ ನಡುವೆ ಸುರಿದು ಬಟ್ಟೆ ಆರಿಸಲು ಬಿಡಿ. ‘ನಿಮ್ಮ ದುಃಖವನ್ನು ಚಿತ್ರಿಸಿ’ ಎಂದು ಎಂದೂ ಕೇಳಬೇಡಿ. ‘ನಿಮಗೆ ಇಷ್ಟವಾದ ಜಾಗ ಯಾವುದು?’ ಎಂದರೆ ಸಾಕು. ಬಾವಿಕಟ್ಟೆ, ತವರಿನ ಬೇವಿನ ಮರ, ಬಸ್ ಸ್ಟ್ಯಾಂಡ್ ಬರುತ್ತವೆ; ಬರಬೇಕಾದ್ದು ಅದರ ಹಿಂದೆಯೇ ಬರುತ್ತದೆ. ಬರದಿದ್ದರೂ ತೇಪೆ ಪೂರ್ಣವೇ.

ತೀರಿಕೊಂಡವರ ಅಂಗಿಯನ್ನೋ ಸೀರೆಯನ್ನೋ ಕೆಲವರು ತರುತ್ತಾರೆ. ಅವಸರದಲ್ಲಿ ಕತ್ತರಿ ಹಾಕಬೇಡಿ. ಒಂದು ವಾರ ಮಡಿಲಲ್ಲೇ ಇಟ್ಟುಕೊಳ್ಳಲಿ. ಆಮೇಲೂ ಒಪ್ಪಿದರೆ ಒಳಮಡಿಕೆಯ ಅಂಚಿನಿಂದ ನಾಲ್ಕಿಂಚಷ್ಟೇ ತೆಗೆದು ಉಳಿದದ್ದನ್ನು ಇಸ್ತ್ರಿ ಮಾಡಿ ಹಿಂದಿರುಗಿಸಿ. ಕತ್ತರಿ ಅವರ ಕೈಯಲ್ಲೇ ಇರಲಿ. ಸತ್ತವರ ಬಟ್ಟೆ ಇಟ್ಟುಕೊಳ್ಳದ ಮನೆಗಳೂ ಇವೆ, ಅಲ್ಲಿ ಮಾತೆತ್ತಬೇಡಿ.

ಎರಡು ಕಟ್ಟಳೆ ಸಾಕು. ಇಲ್ಲಿ ಕೇಳಿದ್ದು ಹೊರಗೆ ಹೋಗಬಾರದು. ಇನ್ನೊಬ್ಬರ ಟಾಕನ್ನು ಯಾರೂ ಬಿಚ್ಚಬಾರದು. ಚೆಂದ ಹೊಲಿಯುವವರು ಪಕ್ಕದವರ ಸೊಟ್ಟ ಸಾಲನ್ನು ಬಿಚ್ಚಿ ‘ಸರಿ’ ಮಾಡಿಕೊಡುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ. ಆದರೆ ಅಂದಿನಿಂದ ಆ ಪಕ್ಕದವರ ಕೈ ಹಿಂದೆ ಸರಿಯುತ್ತದೆ. ಒಬ್ಬರ ತೇಪೆಯನ್ನು ಎತ್ತಿಹಿಡಿದು ಎಲ್ಲರೆದುರು ಹೊಗಳಿದರೂ ಅದೇ ಫಲ.

ಚೌಕದ ಹಿಂಬದಿಯಲ್ಲಿ ಮೂರು ಇಂಚಿನ ಕಿಸೆ ಹೊಲಿಯಲು ಹೇಳಿ. ಸರ್ವಾಧಿಕಾರಿ ಪಿನೊಚೆಟ್ ಆಳ್ವಿಕೆಯಲ್ಲಿ ಮಕ್ಕಳನ್ನೂ ಗಂಡಂದಿರನ್ನೂ ಕಳೆದುಕೊಂಡ ಚಿಲಿಯ ಹೆಂಗಸರು ಚಿಂದಿಯಲ್ಲಿ ಹೊಲಿದ ಅರ್ಪಿಯೆರಾ ಚಿತ್ರಗಳ ಹಿಂದೆ ಇಂಥ ಪುಟ್ಟ ಕಿಸೆಗಳಿರುತ್ತಿದ್ದವು, ಒಳಗೊಂದು ಚೀಟಿ. ತೋರಿಸಲಾಗದ್ದು ಅಲ್ಲಿರಲಿ. ಕೌದಿಗೆ ಸೇರಿದ ಮೇಲೆ ಆ ಕಿಸೆ ಪದರಗಳ ಒಳಗೆ ಮುಚ್ಚಿಹೋಗುತ್ತದೆ, ಅದೂ ಅವರಿಗೆ ಮೊದಲೇ ಗೊತ್ತಿರಬೇಕು. ಚೀಟಿಯನ್ನು ಬಟ್ಟೆಯ ಮೇಲೆ ಬರೆಸಿ. ಕಾಗದ ಮೊದಲ ಒಗೆತಕ್ಕೇ ಮುದ್ದೆಯಾಗುತ್ತದೆ.

ಆರರಿಂದ ಹತ್ತನೇ ವಾರ: ಒಂದು ಕೌದಿ

ಚೌಕಗಳನ್ನು ಜೋಡಿಸುವ ಹೊಲಿಗೆಯನ್ನು ಊರಿನ ಟೈಲರ್ ಮಿಷಿನ್ನಿನಲ್ಲೇ ಹಾಕಲಿ, ಭಾರ ಹೊರುವುದು ಅದೇ. ಯಾರ ಪಕ್ಕ ಯಾರದು ಎಂಬುದನ್ನು ಮಾತ್ರ ನೆಲದ ಮೇಲೆ ಹರಡಿ ಕೂಟವೇ ನಿರ್ಧರಿಸಬೇಕು. ನಂತರ ನಾಲ್ಕು ಪದರ ಹಾಸಿ, ಮಧ್ಯದಿಂದ ಅಂಚಿಗೆ ಕೈಯಲ್ಲಿ ನೇವರಿಸಿ, ನಾಲ್ಕಿಂಚಿಗೊಂದು ಕಚ್ಚಾ ಹೊಲಿಗೆ ಹಾಕಿ. ಇದನ್ನು ಬಿಟ್ಟರೆ ಪದರ ಸರಿದು ನಡುವೆ ಗುಬ್ಬು ಏಳುತ್ತದೆ, ಆಗ ಇಡೀ ಸಾಲು ಬಿಚ್ಚದೆ ಗತ್ಯಂತರವಿಲ್ಲ.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಆಫ್ರಿಕಾ ಮೂಲದ ಸಿದ್ದಿ ಹೆಂಗಸರು ತಮ್ಮ ಕೌದಿಯಾದ ಕವಂದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಕೂಟಕ್ಕೆ ಅದೇ ಸೂಕ್ತ: ಎಲ್ಲರೂ ಒಮ್ಮೆಗೇ ಸುತ್ತ ಕೂತು, ಒಬ್ಬರ ಸಾಲು ಮುಗಿದಲ್ಲಿ ಪಕ್ಕದವರದು ಹಿಡಿದುಕೊಳ್ಳುತ್ತದೆ. ಹೆಬ್ಬೆರಳಗಲಕ್ಕೆ ಒಂದು ಸಾಲು. ನಡುವಿಗೆ ಬಂದಾಗ ಕೈ ಎಟುಕದು. ಅಂಚನ್ನು ಸುರುಳಿ ಸುತ್ತಿ ಹತ್ತಿರ ಸರಿಯಿರಿ. ಕೊನೆಗೆ ನಾಲ್ಕು ಮೂಲೆಗೂ ತ್ರಿಕೋನ ಮಡಿಕೆಯ ‘ಫೂಲ’. ಅದಿಲ್ಲದೆ ಕವಂದಿ ಮುಗಿದಂತಲ್ಲ ಎನ್ನುತ್ತಾರೆ ಸಿದ್ದಿಯರು.

ಯಾರಾದರೂ ಕುಸಿದರೆ

ಅಳು ಬಂದರೆ ಅಳಲಿ. ನೀರು ಕೊಡಿ, ಪಕ್ಕದಲ್ಲಿ ಕೂರಿ, ಉಳಿದವರು ಹೊಲಿಯುತ್ತಲೇ ಇರಲಿ. ಎಲ್ಲರೂ ಸೂಜಿ ಬಿಟ್ಟು ಸುತ್ತುವರಿದರೆ ಅತ್ತವರಿಗೆ ನಾಚಿಕೆಯೇ ಉಳಿಯುತ್ತದೆ.

ಬದುಕಿ ಏನಾಗಬೇಕು ಎಂಬ ಮಾತು, ವಾರಗಟ್ಟಲೆ ನಿದ್ದೆ–ಊಟವಿಲ್ಲದಿರುವುದು, ಇದ್ದಕ್ಕಿದ್ದಂತೆ ಸಾಮಾನು ಹಂಚುವುದು ಕಂಡರೆ ಪಕ್ಕಕ್ಕೆ ಕರೆದು ನೇರವಾಗಿ ಕೇಳಿ: ‘ಸಾಯುವ ಯೋಚನೆ ಬರುತ್ತಿದೆಯಾ?’ ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರೇ ಮನೆಗೆ ಹೋಗಲು ಬಿಡಬೇಡಿ. ಮನೆಯ ಕೀಟನಾಶಕದ ಡಬ್ಬಿಯನ್ನು ಅಂದೇ ಬೇರೆಡೆ ಸಾಗಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ–ಮನಸ್ 14416ಕ್ಕೆ ಕರೆ ಉಚಿತ, ಹಗಲು ರಾತ್ರಿ ಕನ್ನಡದಲ್ಲೂ ಮಾತಾಡಬಹುದು. ಕೈಮೀರುವಂತಿದ್ದರೆ ತುರ್ತು ಕರೆಯ 112. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುವ ದಿನವನ್ನು ಕೂಟ ಶುರುವಾಗುವ ಮೊದಲೇ ಹೋಗಿ ವಿಚಾರಿಸಿ, ಗೋಡೆಗೆ ಬರೆದು ಹಾಕಿ. ಪೊಲೀಸ್ ಕೇಸಿನ ಭಯಕ್ಕೆ ಹಿಂದಿನ ಪ್ರಯತ್ನವನ್ನು ಮುಚ್ಚಿಡುವ ಮನೆಗಳಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ತಿಳಿಸಿ: ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಕಾನೂನು ಭಾವಿಸುತ್ತದೆ, ಶಿಕ್ಷಿಸುವುದಿಲ್ಲ, ಆರೈಕೆಯ ಹೊಣೆ ಸರ್ಕಾರದ್ದು.

ಊರಿನ ಮುಂದೆ ಇಡುವುದು

1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ಬಯಲಿನಲ್ಲಿ ಏಡ್ಸ್‌ನಿಂದ ತೀರಿಕೊಂಡವರ ಹೆಸರಿನ 1,920 ಬಟ್ಟೆಫಲಕ ಹಾಸಿದರು. ಒಂದೊಂದೂ ಮೂರಡಿಗೆ ಆರಡಿ, ಒಂದು ಗೋರಿಯಷ್ಟು. ಸರ್ಕಾರ ಬಾಯಿಬಿಡದ ಸಾವುಗಳನ್ನು ಜನ ನಡೆದಾಡಿ ನೋಡಿದರು. ನಿಮ್ಮ ಕೌದಿಯೂ ಏನನ್ನೋ ಕೇಳಬಹುದು: ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ತಪ್ಪದೆ ಸಿಗಲಿ, ವಿಧವಾ ವೇತನದ ಅರ್ಜಿ ಕೊಳೆಯದಿರಲಿ. ಒಂದೇ ಬೇಡಿಕೆ ಇಡಿ, ಅದಕ್ಕೆ ಉತ್ತರ ಹೇಳಬಲ್ಲ ಅಧಿಕಾರಿಯನ್ನೇ ಕರೆಯಿರಿ. ಪ್ರದರ್ಶನ ಬೇಡವೆಂದು ಒಬ್ಬರು ಹೇಳಿದರೂ ಆ ಚೌಕದ ಮೇಲೆ ಬಟ್ಟೆ ಮುಚ್ಚಬೇಕು. ಫೋಟೊಗೆ ಬೇರೆ ಒಪ್ಪಿಗೆ, ಹೆಸರಿಗೆ ಬೇರೆ. ಫಲಕದಲ್ಲಿ ‘ಸಂತ್ರಸ್ತೆಯರು’ ಎಂದು ಬರೆಯಬೇಡಿ, ‘ಹೊಲಿದವರು’ ಎಂದು ಬರೆಯಿರಿ.

ತೂಗುಹಾಕಲು ಮೊಳೆ ಹೊಡೆಯಬಾರದು. ಹಿಂಬದಿಯ ಮೇಲಂಚಿಗೆ ನಾಲ್ಕಿಂಚಿನ ಬಟ್ಟೆಯ ಕೊಳವೆ ಹೊಲಿದು ಬಿದಿರು ತೂರಿಸಿ.

ಕೌದಿ ಯಾರದೆಂದು ಮೊದಲ ವಾರವೇ ಪುಸ್ತಕದಲ್ಲಿ ಬರೆದಿಡಿ. ಸಂಸ್ಥೆಯ ಕಪಾಟಿಗೆ ಅದು ಸೇರಬಾರದು. ತಿಂಗಳಿಗೊಂದು ಮನೆಯಂತೆ ಸುತ್ತಲಿ, ಹಾಸಿಕೊಳ್ಳಲಿ, ಹೊದ್ದುಕೊಳ್ಳಲಿ. ವರ್ಷಕ್ಕೊಮ್ಮೆ ತಣ್ಣೀರಲ್ಲಿ ಒಗೆದು, ಹಿಂಡದೆ, ನೆರಳಲ್ಲಿ ಮಲಗಿಸಿ ಒಣಗಿಸಬೇಕು. ನೀರು ಕುಡಿದ ನಾಲ್ಕು ಪದರದ ಕೌದಿ ಒಬ್ಬಿಬ್ಬರಿಂದ ಏಳುವುದಿಲ್ಲ. ಒಗೆಯುವ ದಿನ ಹತ್ತೂ ಜನರಿಗೆ ಹೇಳಿ ಕಳಿಸಿ.